ಹಿಮಕ್ಕಿಂತ ಮೊದಲಿನ ಹನುಮಂತಪ್ಪ

ಸಿಯಾಚಿನ್‌ನ ಹಿಮಕುಸಿತದಡಿ ಸಿಕ್ಕಿಕೊಂಡ ಯೋಧ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹತ್ತನೇ ವರ್ಷದ ಸ್ಮರಣೆಗೆಂದು ಫೆಬ್ರುವರಿ 11ರಂದು ಕುಂದಗೋಳ ತಾಲ್ಲೂಕಿನ ಒಂದು ಪ್ರೌಢಶಾಲೆಯವರು ನನ್ನನ್ನು ಮಾತನಾಡಲು ಕರೆದಿದ್ದರು. ಅಂದು ಆಡಿದ ಮಾತುಗಳನ್ನು ನೆನಪಿನಿಂದ ಬರಹಕ್ಕೆ ಇಳಿಸಿದ್ದೇನೆ. ವೇದಿಕೆಯ ಮೇಲೆ ಹೇಳಲು ಮರೆತ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.

ಗುರುಬಳಗದವರೇ, ಸುಗ್ಗಿಯ ಕೆಲಸ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರೇ, ಮಕ್ಕಳೇ,

ಹತ್ತು ವರ್ಷಗಳ ಹಿಂದೆ, 2016ರಲ್ಲಿ, ಇದೇ ದಿನ, ಬೆಳಿಗ್ಗೆ 11.45ಕ್ಕೆ, ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ನಮ್ಮ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊನೆಯುಸಿರೆಳೆದರು. ಆಗ ನಿಮ್ಮಲ್ಲಿ ಹೆಚ್ಚಿನವರು ಅಂಗನವಾಡಿಗೆ ಹೋಗುತ್ತಿದ್ದ ಕೂಸುಗಳು. ನಿಮಗೆ ಅವರ ಪರಿಚಯ ಫ್ಲೆಕ್ಸಿನ ಮೇಲಿನ ಚಿತ್ರದಿಂದ, ಮೊಬೈಲಿನಲ್ಲಿ ಕಂಡ ವಿಡಿಯೊದಿಂದ. ಗೇಟಿನ ಒಳಗೆ ಬರುವಾಗ ಎಂಟನೇ ತರಗತಿಯ ಒಬ್ಬ ಹುಡುಗನನ್ನು, “ಹನುಮಂತಪ್ಪ ಅಂದರೆ ಯಾರು, ಗೊತ್ತೇನಪ್ಪಾ?” ಎಂದು ಕೇಳಿದೆ. “ಆರು ದಿನ ಹಿಮದೊಳಗೆ ಇದ್ದು ಬದುಕಿ ಬಂದವರು, ಸರ್” ಎಂದ. ಉತ್ತರ ಸರಿಯಾಗಿಯೇ ಇದೆ, ಪರೀಕ್ಷೆಯಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಆದರೂ ಇಲ್ಲಿಯವರೆಗೆ ನಡೆದು ಬರುವಷ್ಟರಲ್ಲಿ ಆ ಉತ್ತರ ನನ್ನನ್ನು ಚುಚ್ಚುತ್ತಲೇ ಇತ್ತು. ಮೂವತ್ತು ವರ್ಷ ದಾಟಿ ಬದುಕಿದ ಒಬ್ಬ ಮಗನನ್ನು, ಗಂಡನನ್ನು, ತಂದೆಯನ್ನು ನಾವು ಆರು ದಿನಕ್ಕೆ ಇಳಿಸಿಬಿಟ್ಟಿದ್ದೇವೆ ಅನ್ನಿಸಿತು. ಹಾಗಾಗಿ ಬರೆದುಕೊಂಡು ಬಂದ ಚೀಟಿಯನ್ನು ಕಿಸೆಯಲ್ಲೇ ಇಟ್ಟುಕೊಂಡು ಮಾತನಾಡುತ್ತೇನೆ. ಆ ಆರು ದಿನಗಳ ವಿಷಯಕ್ಕೂ ಬರುತ್ತೇನೆ. ಮೊದಲು ಆ ಹಿಮದ ಆಚೆಗಿನ ಮನುಷ್ಯನ ಬಗ್ಗೆ ಹೇಳಬೇಕು.

ನಾನು ಹನುಮಂತಪ್ಪ ಅವರನ್ನು ಜೀವಂತವಾಗಿ ನೋಡಿದವನಲ್ಲ, ಅವರಿಗೆ ಪಾಠ ಹೇಳಿದವನೂ ಅಲ್ಲ. ಆದರೆ ಅವರಂಥ ಹುಡುಗರಿಗೆ ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಅವರು ಬಡ ರೈತ ಕುಟುಂಬದ ಮಗ. ಊರಿನ ಶಾಲೆ ಮುಗಿದ ಮೇಲೆ ಹೈಸ್ಕೂಲಿಗೆಂದು ದಿನಕ್ಕೆ ಆರು ಕಿಲೋಮೀಟರ್ ನಡೆಯುತ್ತಿದ್ದರು. ಆರು ಕಿಲೋಮೀಟರ್ ಎಂದರೆ ಪತ್ರಿಕೆ ಓದುವವರಿಗೆ ಅದೊಂದು ಅಂಕಿ ಅಷ್ಟೇ. ನಮ್ಮ ಸೀಮೆಯ ಎರೆಹೊಲದಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಮಾತ್ರ ಅದು ಏನೆಂದು ಗೊತ್ತು. ಶ್ರಾವಣದ ಜಿಟಿಜಿಟಿ ಮಳೆ ಹಿಡಿದರೆ ನಮ್ಮ ಕರಿಮಣ್ಣು ಕಾಲನ್ನು ಬಿಡುವುದಿಲ್ಲ. ಒಂದೊಂದು ಹೆಜ್ಜೆಗೂ ಅಂಗಾಲಿಗೆ ಒಂದೊಂದು ಪದರ ಮೆತ್ತಿಕೊಂಡು, ಹತ್ತು ಮಾರು ನಡೆಯುವಷ್ಟರಲ್ಲಿ ಕಾಲು ನೀರು ತುಂಬಿದ ಕೊಡದಷ್ಟು ಭಾರವಾಗುತ್ತದೆ. ಚಪ್ಪಲಿ ಇದ್ದವರು ಅದನ್ನು ಕೈಯಲ್ಲಿ ಹಿಡಿಯುತ್ತಾರೆ. ಪುಸ್ತಕವನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವುಚಿಕೊಳ್ಳುತ್ತಾರೆ. ನನ್ನ ತರಗತಿಯಲ್ಲಿ ಅಂಥ ಹುಡುಗರು ಬಾಗಿಲ ಹೊರಗೆ ಕಲ್ಲಿಗೆ ಕಾಲು ತಿಕ್ಕಿ ತಿಕ್ಕಿ ಒಳಗೆ ಬರುತ್ತಿದ್ದರು. ಎರಡನೇ ಪಾಠ ಮುಗಿಯುವವರೆಗೂ ಅವರ ಮೀನಖಂಡ ನಡುಗುತ್ತಿದ್ದುದನ್ನು ಕಂಡಿದ್ದೇನೆ.

ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006ರ ಶಾಲಾ ವರ್ಷದಲ್ಲಿ. ಅಷ್ಟು ಹೊತ್ತಿಗೆ ಹನುಮಂತಪ್ಪ ಶಾಲೆ ಮುಗಿಸಿ, ಸೇನೆ ಸೇರಿ, ಜಮ್ಮು ಮತ್ತು ಕಾಶ್ಮೀರದ ಬೆಟ್ಟಗಳಲ್ಲಿ ಬಂದೂಕು ಹಿಡಿದು ಮೂರು ವರ್ಷವಾಗಿತ್ತು. ಅವರ ಪಾಲಿಗೆ ಬಂದದ್ದು ಎರಡು ಕಾಲು ಮಾತ್ರ.

ಇನ್ನು ಎರಡನೆಯ ಸಂಗತಿ. ಸೇನೆಗೆ ಸೇರಬೇಕೆಂದು ಹೋದ ಆ ಹುಡುಗನನ್ನು ಮೂರು ಸಲ ವಾಪಸ್ಸು ಕಳಿಸಿದ್ದರು. ಇದನ್ನು ನಾನು ನಿಮ್ಮ ಮುಂದೆ ಒತ್ತಿ ಹೇಳುತ್ತೇನೆ, ಯಾಕೆಂದರೆ ಯಾವ ಫ್ಲೆಕ್ಸಿನ ಮೇಲೂ ಇದು ಇರುವುದಿಲ್ಲ. ಸೇನಾ ಭರ್ತಿಯ ರ್‍ಯಾಲಿಯನ್ನು ನೋಡಿದ ತಾಯಂದಿರು ಇಲ್ಲಿರಬಹುದು. ಹಿಂದಿನ ರಾತ್ರಿಯೇ ಹುಡುಗರು ಊರು ಬಿಟ್ಟು ಹೋಗಿ ಮೈದಾನದ ಹೊರಗೆ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗುತ್ತಾರೆ. ಬೆಳಕು ಹರಿಯುವ ಮೊದಲೇ ಸಾಲು. ಎತ್ತರ ಅಳೆಯುತ್ತಾರೆ, ತೂಕ ನೋಡುತ್ತಾರೆ. ಉಸಿರು ಬಿಟ್ಟಾಗ ಎದೆ ಎಷ್ಟು, ಉಸಿರು ಎಳೆದಾಗ ಎಷ್ಟು ಹಿಗ್ಗುತ್ತದೆ ಎಂದು ಟೇಪು ಹಿಡಿಯುತ್ತಾರೆ. ಐದು ಸೆಂಟಿಮೀಟರ್ ಹಿಗ್ಗಬೇಕು. ಒಂದು ಕಿಲೋಮೀಟರ್ ಆರುನೂರು ಮೀಟರ್ ಓಟವನ್ನು ಗೊತ್ತುಪಡಿಸಿದ ನಿಮಿಷಗಳೊಳಗೆ ಮುಗಿಸಬೇಕು. ಆಮೇಲೆ ಕಂಬಿ ಹಿಡಿದು ಮೈ ಎತ್ತುವುದು, ಒಂಬತ್ತು ಅಡಿಯ ಗುಂಡಿ ಹಾರುವುದು. ಇಷ್ಟೆಲ್ಲ ಆದ ಮೇಲೆ ವೈದ್ಯರ ತಪಾಸಣೆ. ಲಿಖಿತ ಪರೀಕ್ಷೆ 2023ರಿಂದ ಮೊದಲೇ ನಡೆಯುತ್ತದೆ, ಅವರ ಕಾಲದಲ್ಲಿ ಅದು ಕೊನೆಗಿತ್ತು. ಎಲ್ಲಾದರೂ ಒಂದು ಕಡೆ ಬೆರಳು ತೋರಿಸಿ “ನೀನು ಹೊರಗೆ” ಅಂದರೆ ಮುಗಿಯಿತು. ಬಸ್ಸು ಹತ್ತಿ ಊರಿಗೆ ಬಂದು, ಅಗಸೆ ಬಾಗಿಲಲ್ಲಿ ಕುಳಿತವರು “ಏನಾಯಿತೋ?” ಎಂದು ಕೇಳಿದಾಗ ಉತ್ತರ ಹೇಳಬೇಕು.

ಹದಿನೆಂಟು, ಹತ್ತೊಂಬತ್ತರ ವಯಸ್ಸಿನಲ್ಲಿ ಆ ಉತ್ತರವನ್ನು ಮೂರು ಸಲ ಹೇಳಿದ ಮೇಲೂ ನಾಲ್ಕನೆಯ ಸಲ ಬಸ್ಸು ಹತ್ತಿದ ಹುಡುಗನನ್ನು ನಾನು ನೆನೆಯುತ್ತೇನೆ. ಸಾವನ್ನು ಎದುರಿಸುವುದು ದೊಡ್ಡದು, ಒಪ್ಪುತ್ತೇನೆ. ಆದರೆ ಹತ್ತೊಂಬತ್ತರ ಹುಡುಗನಿಗೆ ಊರಿನ ಮುಖವನ್ನು ಎದುರಿಸುವುದು ಅದಕ್ಕಿಂತ ಸಣ್ಣ ಕೆಲಸವೇನಲ್ಲ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ಹೇಳುವ ಮಾತಿದು. ಒಂದೇ ಸಲ ನಪಾಸಾಗಿ ಪುಸ್ತಕ ಮಡಚಿಟ್ಟ ಎಷ್ಟೋ ಜಾಣ ಮಕ್ಕಳನ್ನು ಕಂಡಿದ್ದೇನೆ. ಅವರ ಮನೆಗೆ ಹೋಗಿ ಕರೆದರೂ ವಾಪಸ್ಸು ಬರಲಿಲ್ಲ.

2002ರ ಅಕ್ಟೋಬರ್ 25ರಂದು ಅವರು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿಗೆ ಸೇರಿದರು. ಮದ್ರಾಸ್ ಎಂಬ ಹೆಸರು ಕೇಳಿ ಅದು ತಮಿಳರದ್ದು ಮಾತ್ರ ಎಂದುಕೊಳ್ಳಬೇಡಿ. ದಕ್ಷಿಣದ ಎಲ್ಲ ರಾಜ್ಯಗಳ ಹುಡುಗರೂ ಅದರಲ್ಲಿದ್ದಾರೆ. 1758ರವರೆಗೆ ಹಿಂದಕ್ಕೆ ಹೋಗುವ ಚರಿತ್ರೆ ಅದಕ್ಕಿದೆ. ಭಾರತೀಯ ಸೇನೆಯ ಕಾಲ್ದಳಗಳಲ್ಲೇ ಅತ್ಯಂತ ಹಳೆಯದು. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಅದರ ತರಬೇತಿ ಕೇಂದ್ರ.

ಸೇರಿದ ಮೇಲೆ ಅವರು ಕೇಳಿ ಪಡೆದದ್ದೆಲ್ಲ ಕಷ್ಟದ ಜಾಗಗಳನ್ನೇ. ಸೇನೆಯೇ ಹೇಳಿದ ಲೆಕ್ಕ ಇದು: ಹದಿಮೂರು ವರ್ಷಗಳ ಸೇವೆಯಲ್ಲಿ ಹತ್ತು ವರ್ಷ ಅವರು ಕಠಿಣ ಪ್ರದೇಶಗಳಲ್ಲಿದ್ದರು. 2003ರಿಂದ 2006ರವರೆಗೆ ಜಮ್ಮುವಿನ ಮಾಹೋರ್‌ನಲ್ಲಿ, ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯಲ್ಲಿ. 2008ರಿಂದ 2010ರವರೆಗೆ ತಾವಾಗಿಯೇ ಮುಂದೆ ಬಂದು ಭಯೋತ್ಪಾದಕರ ವಿರುದ್ಧ ಹೋರಾಡುವ ಸೇನೆಯ ಪಡೆಯಾದ 54ನೇ ರಾಷ್ಟ್ರೀಯ ರೈಫಲ್ಸ್‌ನಲ್ಲಿ. ಅಲ್ಲಿಂದ ಮುಂದೆ 2012ರವರೆಗೆ ಈಶಾನ್ಯ ಭಾರತದಲ್ಲಿ, ಬೋಡೊ ಮತ್ತು ಉಲ್ಫಾ ಬಂಡುಕೋರರ ವಿರುದ್ಧ, ಅದೂ ತಾವೇ ಕೇಳಿಕೊಂಡು. 2015ರ ಆಗಸ್ಟ್‌ನಲ್ಲಿ ಸಿಯಾಚಿನ್.

ಹೋದ ವರ್ಷ ಇನ್ನೊಂದು ಶಾಲೆಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಮನೆಯವರ ಮೇಲೆ ಅಷ್ಟು ಜೀವ ಇದ್ದವರು ಮನೆಯಿಂದ ಅಷ್ಟು ದೂರದ ಜಾಗವನ್ನು ಯಾಕೆ ಕೇಳಿಕೊಂಡರು?” ಎಂದಳು. ಆವತ್ತು ತಕ್ಷಣ ಉತ್ತರ ಹೊಳೆಯಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಇವತ್ತು ನನಗೆ ತೋಚಿದ್ದನ್ನು ಹೇಳುತ್ತೇನೆ.

ನಮ್ಮ ರೈತರ ಮನೆಗಳಲ್ಲಿ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ನಿಮ್ಮ ಅಪ್ಪ ನಿಮಗೆ ಎಂದಾದರೂ “ನಿನ್ನ ಮೇಲೆ ನನಗೆ ಪ್ರೀತಿ ಇದೆ” ಎಂದಿದ್ದಾನೆಯೇ? ಅವನು ರಾತ್ರಿ ಎರಡಕ್ಕೆ ಕರೆಂಟು ಬಂದಾಗ ಎದ್ದು ಹೊಲಕ್ಕೆ ನೀರು ಹಾಯಿಸಲು ಹೋಗುತ್ತಾನೆ, ಅಷ್ಟೇ. ಮನೆಯ ಕಷ್ಟ ತೀರಬೇಕಾದರೆ ಮನೆಯಿಂದ ಒಬ್ಬರು ಹೊರಗೆ ಹೋಗಬೇಕು. ಗೋವಾಕ್ಕೆ ದುಡಿಯಲು ಹೋಗುವವರೂ, ಬೆಂಗಳೂರಿಗೆ ಹೋಗುವವರೂ, ಸೇನೆಗೆ ಹೋಗುವವರೂ ಹೊಸ್ತಿಲು ದಾಟುವುದು ಒಳಗಿರುವವರಿಗಾಗಿಯೇ. ಸೈನಿಕನ ಸಂಬಳದಿಂದ ಒಂದು ಮನೆ ನಡೆಯುತ್ತದೆ ಎಂದು ಹೇಳಿದರೆ ಅವನ ದೇಶಪ್ರೇಮಕ್ಕೆ ಕುಂದಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ತಾಯಿಯ ಔಷಧಕ್ಕೆ ಹಣ ಕಳಿಸುವ ಕೈಯೇ ಗಡಿಯನ್ನೂ ಕಾಯುತ್ತದೆ. ಅವೆರಡನ್ನು ಬೇರೆಬೇರೆ ಮಾಡಿ ನೋಡುವುದು ಊಟದ ಚಿಂತೆ ಇಲ್ಲದವರ ಲೆಕ್ಕ.

ಸೈನಿಕನ ಸಂಸಾರ ರಜೆಯ ಲೆಕ್ಕದಲ್ಲಿ ನಡೆಯುತ್ತದೆ. ವರ್ಷಕ್ಕೆ ಅರವತ್ತು ದಿನ ವಾರ್ಷಿಕ ರಜೆ, ಮೂವತ್ತು ದಿನ ಸಾಂದರ್ಭಿಕ ರಜೆ. ಅದರಲ್ಲಿ ಪ್ರಯಾಣ ಬೇರೆ. ಆ ದಿನಗಳಲ್ಲೇ ಮದುವೆ, ಬಾಣಂತನ, ಜವಳ, ಅಕ್ಕತಂಗಿಯರ ಮನೆಯ ಕಾರ್ಯ, ಹೊಲದ ಬಿತ್ತನೆ, ಮನೆಯ ಮಾಳಿಗೆಗೆ ಹೊಸ ಮಣ್ಣು, ಎಲ್ಲವೂ. ಹನುಮಂತಪ್ಪ ಸಿಯಾಚಿನ್‌ನ ತುತ್ತತುದಿಯಲ್ಲಿದ್ದಾಗ ಊರಿನಲ್ಲಿ ಅವರ ಪತ್ನಿ, ತಾಯಿ, ಎರಡು ವರ್ಷದ ಆಸುಪಾಸಿನ ಒಬ್ಬಳೇ ಮಗಳು. ಆ ವಯಸ್ಸಿನ ಮಕ್ಕಳು ಎರಡು ತಿಂಗಳಿಗೊಂದು ಹೊಸ ಮಗುವಾಗಿರುತ್ತವೆ. ತೊದಲು ಮಾತು ಬಂದಿರುತ್ತದೆ, ಹಲ್ಲು ಬಂದಿರುತ್ತದೆ, ಓಡಲು ಕಲಿತಿರುತ್ತವೆ. ದೂರದಲ್ಲಿರುವ ತಂದೆಗೆ ಅದೆಲ್ಲ ತಲುಪುವುದು ದೂರವಾಣಿಯಲ್ಲಿ ಕೇಳುವ ದನಿಯಾಗಿ ಮಾತ್ರ. ಆಗ ಸಿಯಾಚಿನ್‌ನ ಸೈನಿಕರು ಮನೆಗೆ ಮಾತನಾಡುತ್ತಿದ್ದುದು ಉಪಗ್ರಹ ದೂರವಾಣಿಯಲ್ಲಿ, ಸರದಿಯಲ್ಲಿ ನಿಂತು. ಕೆಲವೇ ನಿಮಿಷ. ಅಲ್ಲಿಂದ ಚಳಿಯ ಮಾತು ಬರುವುದಿಲ್ಲ. ಇಲ್ಲಿಂದ ಸಾಲದ ಮಾತು ಹೋಗುವುದಿಲ್ಲ. ಸೈನಿಕರ ಮನೆಗಳಲ್ಲಿ ಹುಟ್ಟಿದವರು ಇಲ್ಲಿದ್ದರೆ ಅವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಈಗ ಆ ಜಾಗದ ಬಗ್ಗೆ. ಸಿಯಾಚಿನ್ ಎಂದರೆ ಅಲ್ಲಿಯ ಬಾಲ್ಟಿ ಮಾತಿನಲ್ಲಿ ಕಾಡುಗುಲಾಬಿ ಹೇರಳವಾಗಿರುವ ಜಾಗ ಎಂದು ಅರ್ಥ. ಗುಲಾಬಿ ಇರುವುದು ಕೆಳಗಿನ ಕಣಿವೆಯಲ್ಲಿ. ಮೇಲಿರುವುದು ಎಪ್ಪತ್ತು ಕಿಲೋಮೀಟರಿಗೂ ಉದ್ದದ ಮಂಜಿನ ನದಿ. 1984ರ ಏಪ್ರಿಲ್ 13ರಂದು ನಮ್ಮ ಸೇನೆ ‘ಆಪರೇಷನ್ ಮೇಘದೂತ’ದಲ್ಲಿ ಅಲ್ಲಿ ಕಾಲಿಟ್ಟಿತು. ಅಂದಿನಿಂದ ಒಂದು ದಿನವೂ ಇಳಿದಿಲ್ಲ. 2003ರ ನವೆಂಬರ್‌ನಿಂದ ಅಲ್ಲಿ ಕದನವಿರಾಮವಿದೆ. ಆದರೂ ಸಾವು ನಿಂತಿಲ್ಲ, ಏಕೆಂದರೆ ಅಲ್ಲಿ ಗುಂಡಿಗಿಂತ ಹೆಚ್ಚು ಜೀವ ತೆಗೆದದ್ದು ಹವಾಮಾನ. 2015ರ ಕೊನೆಯ ಹೊತ್ತಿಗೆ ನಾವು ಕಳೆದುಕೊಂಡವರ ಸಂಖ್ಯೆ ಎಂಟುನೂರನ್ನು ದಾಟಿತ್ತು. ಆಚೆ ಕಡೆಯ ತಾಯಂದಿರ ದುಃಖವೂ ಕಡಿಮೆಯದಲ್ಲ. 2012ರ ಏಪ್ರಿಲ್ 7ರಂದು ಪಾಕಿಸ್ತಾನದ ಗಯಾರಿ ಶಿಬಿರದ ಮೇಲೆ ಹಿಮ ಕುಸಿದು 140 ಮಂದಿ ಒಮ್ಮೆಲೇ ಸತ್ತರು. ಮಕ್ಕಳೇ, ಹಿಮಕ್ಕೆ ಯಾವ ಸಮವಸ್ತ್ರದ ಗುರುತೂ ಇಲ್ಲ.

ಹನುಮಂತಪ್ಪ ಇದ್ದ ಠಾಣೆ 19,600 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಆ ಎತ್ತರಕ್ಕೆ ಇನ್ನೂ ಕೊಂಚ ಕಡಿಮೆಯೇ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿ ಸಿಗುವುದರ ಅರ್ಧದಷ್ಟು. ಕುಡಿಯುವ ನೀರೆಂದರೆ ಸೀಮೆಎಣ್ಣೆಯ ಒಲೆಯ ಮೇಲೆ ಕರಗಿಸಿದ ಹಿಮ. ಹಸಿವು ಆಗುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಡಿಸೆಂಬರ್‌ನಲ್ಲಿ ಅವರು ಆ ಠಾಣೆಗೆ ಹತ್ತಿದರು. ಫೆಬ್ರುವರಿ 3ರಂದು ಮಂಜುಗಡ್ಡೆಯ ಒಂದು ಬೃಹತ್ ಗೋಡೆಯೇ ಕಳಚಿ ಠಾಣೆಯ ಮೇಲೆ ಬಿತ್ತು. ಒಳಗೆ ಹತ್ತು ಮಂದಿ ಇದ್ದರು.

ಹತ್ತು ಮಂದಿ ಎಂಬುದನ್ನು ನೆನಪಿಡಿ. ನಾವು ಒಬ್ಬರ ಹೆಸರನ್ನು ಮಾತ್ರ ಹೇಳುತ್ತೇವೆ, ಅದು ಹನುಮಂತಪ್ಪ ಅವರಿಗೂ ಹಿಡಿಸುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಅವರ ನಾಯಕರು ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ್. ಎಚ್.ಡಿ. ಕೋಟೆಯ ಕಡೆಯ ಸಿಪಾಯಿ ಮಹೇಶ್ ಅಲ್ಲಿದ್ದರು. ತಮಿಳುನಾಡಿನ ಹವಾಲ್ದಾರ್ ಏಳುಮಲೈ, ಲ್ಯಾನ್ಸ್ ಹವಾಲ್ದಾರ್ ಕುಮಾರ್, ಸಿಪಾಯಿಗಳಾದ ಗಣೇಶನ್ ಮತ್ತು ರಾಮಮೂರ್ತಿ. ಕೇರಳದ ಲ್ಯಾನ್ಸ್ ನಾಯಕ್ ಸುಧೀಶ್, ಆಂಧ್ರದ ಸಿಪಾಯಿ ಮುಷ್ತಾಕ್ ಅಹ್ಮದ್, ಮಹಾರಾಷ್ಟ್ರದ ಶುಶ್ರೂಷಾ ಸಹಾಯಕ ಸೂರ್ಯವಂಶಿ. ಮೇಷ್ಟ್ರ ಹಾಜರಿಯಲ್ಲಿ ಯಾರ ಹೆಸರನ್ನೂ ಬಿಡುವಂತಿಲ್ಲ.

ಮರುದಿನವೇ ಸೇನೆ, ಯಾರೂ ಬದುಕಿರುವ ಸಾಧ್ಯತೆ ತೀರಾ ಕಡಿಮೆ ಎಂದಿತು. ದೇಶದ ಸಂತಾಪಗಳೂ ಬಂದವು. ಹತ್ತು ಊರುಗಳಲ್ಲಿ ಹತ್ತು ಮನೆಗಳವರು ಅಳಲು ಶುರುಮಾಡಿದರು. ಆದರೆ ಮೇಲೆ ಹುಡುಕುವುದನ್ನು ನಿಲ್ಲಿಸಲಿಲ್ಲ. ನೂರೈವತ್ತಕ್ಕೂ ಹೆಚ್ಚು ಮಂದಿ, ಮಾತನಾಡಿದರೂ ಏದುಸಿರು ಬರುವ ಆ ಎತ್ತರದಲ್ಲಿ, ಸಿಮೆಂಟಿನಂತೆ ಗಟ್ಟಿಯಾದ ಹಿಮವನ್ನು ಬಂಡೆ ಕೊರೆಯುವ ಯಂತ್ರಗಳಿಂದ, ವಿದ್ಯುತ್ ಗರಗಸಗಳಿಂದ ಕೊರೆದರು. ನೆಲದಾಳ ನೋಡುವ ರಾಡಾರ್‌ಗಳನ್ನು ಹೆಲಿಕಾಪ್ಟರಿನಲ್ಲಿ ಮೇಲೆ ತಂದರು. ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳೂ ಆ ಚಳಿಯಲ್ಲಿ ಮೂಸುತ್ತ ತಿರುಗಿದವು. ಈ ನಾಯಿಗಳ ಹೆಸರು ಹೇಳಿದಾಗಲೆಲ್ಲ ಮಕ್ಕಳ ಮುಖ ಅರಳುವುದನ್ನು ನೋಡಿದ್ದೇನೆ, ಈಗಲೂ ನೋಡುತ್ತಿದ್ದೇನೆ. ಹನುಮಂತಪ್ಪ ಹಿಮದೊಳಗೆ ಆರು ದಿನ ಇದ್ದರು, ನಿಜ. ಹಿಮದ ಮೇಲೆ ತಮ್ಮ ಸಂಗಡಿಗರಿಗಾಗಿ ಅಷ್ಟೇ ದಿನ ಅಗೆದವರ ಹೆಸರು ನಮಗೆ ಯಾರಿಗೂ ಬಾಯಿಗೆ ಬರುವುದಿಲ್ಲ.

ಫೆಬ್ರುವರಿ 8ರಂದು, ಇಪ್ಪತ್ತೈದು ಅಡಿಗೂ ಆಳದಲ್ಲಿ, ನುಜ್ಜಾದ ಡೇರೆಯೊಳಗೆ ಅವರು ಸಿಕ್ಕರು. ಜೀವವಿತ್ತು.

ಅದು ಹೇಗೆ ಸಾಧ್ಯವಾಯಿತು? ಊರವರು ಅವರ ಯೋಗಾಭ್ಯಾಸವನ್ನು ನೆನೆದರು. ವೈದ್ಯರು, ಡೇರೆ ಕುಸಿದಾಗ ಒಳಗೆ ಉಳಿದ ಗಾಳಿಯ ಚಿಕ್ಕ ಜಾಗದ ಬಗ್ಗೆ ಹೇಳಿದರು. ಸಾಮಾನ್ಯವಾಗಿ ಹಿಮದಡಿ ಸಿಕ್ಕವರಲ್ಲಿ ಹೆಚ್ಚಿನವರು ಅರ್ಧ ಗಂಟೆಯ ಆಚೆಗೆ ಬದುಕುವುದಿಲ್ಲ. ಟಿ.ವಿ.ಗಳಲ್ಲಿ ‘ಪವಾಡ, ಪವಾಡ’ ಎಂದು ಕೂಗಿದರು. ನಾನು ಆ ಪದವನ್ನು ಅಲ್ಲಗಳೆಯುವುದಿಲ್ಲ, ಆ ರಾತ್ರಿ ನಾನೂ ದೇವರ ಮುಂದೆ ದೀಪ ಹಚ್ಚಿದವನೇ. ಆದರೆ ಪವಾಡ ಎಂದ ಕೂಡಲೇ ನಾವು ಆ ಮನುಷ್ಯನನ್ನು ಮರೆತು ಆಕಾಶದ ಕಡೆಗೆ ನೋಡಲು ಶುರುಮಾಡುತ್ತೇವೆ. ಗಾಳಿಯ ಜಾಗ ಅವರಿಗೆ ಅದೃಷ್ಟದಿಂದ ಸಿಕ್ಕಿರಬಹುದು. ಆ ಗಾಳಿಯನ್ನು ಆರು ದಿನ ಉಸಿರಾಡಿದ ದೇಹ ಅದೃಷ್ಟದಿಂದ ಬಂದದ್ದಲ್ಲ. ಅದು ಎರೆಮಣ್ಣಿನಲ್ಲಿ ನಡೆದು ಗಟ್ಟಿಯಾದದ್ದು. ಮೂರು ಸಲ ಅಳತೆಗೆ ನಿಂತು, ಸೋತು, ಮತ್ತೆ ನಿಂತ ದೇಹ ಅದು.

ಅವರು ಸಿಕ್ಕ ಮರುದಿನ ಮಂಗಳವಾರ. ನಾನಿನ್ನೂ ಸೇವೆಯಲ್ಲಿದ್ದೆ. ಮೊದಲ ಪಾಠಕ್ಕೆ ಹೋದರೆ ಮಕ್ಕಳು ಕುಳಿತಿರಲಿಲ್ಲ, ಎಲ್ಲರೂ ಎದ್ದು ನಿಂತು ಒಟ್ಟಿಗೆ ಮಾತನಾಡುತ್ತಿದ್ದರು. ಸಂತಾಪಕ್ಕೆ ಬಂದು ಕುಳಿತಿದ್ದ ಬಂಧುಗಳ ನಡುವೆಯೇ ಬೆಟದೂರಿನ ಆ ಮನೆಯಲ್ಲಿ ಸಿಹಿ ಸುದ್ದಿ ಬಿದ್ದಿತ್ತು. ಸತ್ತರೆಂದು ಅತ್ತವರು ಬದುಕಿದರೆಂದು ಮತ್ತೆ ಅತ್ತರು. ಅಂದು ಬೆಳಿಗ್ಗೆ ಅವರನ್ನು ಹೆಲಿಕಾಪ್ಟರಿನಲ್ಲಿ ಥೋಯಿಸ್ ವಾಯುನೆಲೆಗೆ ಇಳಿಸಿ, ಅಲ್ಲಿಂದ ವಿಮಾನದಲ್ಲಿ ದೆಹಲಿಗೆ ತಂದರು. ಹಿಮದ ಕಡಿತ, ಎಂದರೆ ಚಳಿಗೆ ಚರ್ಮ, ಬೆರಳು ಸಾಯುವುದು, ಇರಲಿಲ್ಲ, ಮೂಳೆ ಮುರಿದಿರಲಿಲ್ಲ. ಆದರೆ ಪ್ರಜ್ಞೆ ಇರಲಿಲ್ಲ, ರಕ್ತದೊತ್ತಡ ಕುಸಿದಿತ್ತು, ನ್ಯುಮೋನಿಯಾ ಹಿಡಿದಿತ್ತು, ಯಕೃತ್ತು ಮತ್ತು ಮೂತ್ರಪಿಂಡಗಳು ಕೆಲಸ ಮಾಡುತ್ತಿರಲಿಲ್ಲ.

ವಿಜ್ಞಾನದ ಮಕ್ಕಳು ಇಲ್ಲಿ ಒಂದು ಸಂಗತಿ ತಿಳಿದುಕೊಳ್ಳಿ. ಅತಿಯಾಗಿ ತಣ್ಣಗಾದ ದೇಹಕ್ಕೆ ಮತ್ತೆ ಬಿಸಿ ಕೊಡುವಾಗಲೇ ದೊಡ್ಡ ಅಪಾಯ. ದಿನಗಟ್ಟಲೆ ರಕ್ತ ಸರಿಯಾಗಿ ಹರಿಯದ ಅಂಗಗಳಿಗೆ ಒಮ್ಮೆಲೇ ರಕ್ತ ನುಗ್ಗಿದಾಗ, ಅಲ್ಲಿ ಕೂಡಿಕೊಂಡ ವಿಷವೆಲ್ಲ ದೇಹಕ್ಕೆ ಹರಡಿ ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ದೆಹಲಿಯ ವೈದ್ಯರು ಮೊದಲ ದಿನವೇ, ಮುಂದಿನ ಒಂದೆರಡು ದಿನ ಬಹಳ ಕಠಿಣ ಎಂದು ಈ ಕಾರಣಕ್ಕೇ ಎಚ್ಚರಿಸಿದ್ದರು. ಚಳಿಯನ್ನು ಆರು ದಿನ ತಾಳಿದ ದೇಹಕ್ಕೆ ಬೆಚ್ಚನೆಯ ಕೋಣೆಯಲ್ಲಿ ಇನ್ನೊಂದು ಯುದ್ಧ ಕಾದಿತ್ತು.

ಆ ಮೂರು ದಿನಗಳನ್ನು ನೆನೆದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ. ಗುಡಿಗಳಲ್ಲಿ ಅಭಿಷೇಕ, ದರ್ಗಾಗಳಲ್ಲಿ ದುವಾ, ಚರ್ಚುಗಳಲ್ಲಿ ಮೇಣದ ಬತ್ತಿ. ಉತ್ತರ ಪ್ರದೇಶದ ಒಬ್ಬ ಗೃಹಿಣಿ, ನಮ್ಮ ಭಾಷೆ ಗೊತ್ತಿಲ್ಲದವರು, ನಮ್ಮ ಊರಿನ ಹೆಸರು ಕೇಳದವರು, ತಮ್ಮ ಒಂದು ಮೂತ್ರಪಿಂಡ ಕೊಡುತ್ತೇನೆ ಎಂದು ಮುಂದೆ ಬಂದರು. ಬೆಟದೂರಿನ ಮನೆಯವರು ಮಗುವನ್ನು ಎತ್ತಿಕೊಂಡು ದೆಹಲಿಗೆ ಹೋದರು. ಅವರು ಅಲ್ಲಿ ಕಳೆದ ಗಂಟೆಗಳನ್ನು ವರ್ಣಿಸಲು ನನಗೆ ಮನಸ್ಸು ಬರುವುದಿಲ್ಲ, ಅದು ಅವರದ್ದು. ಆ ಗುರುವಾರ ಎಲ್ಲ ಮುಗಿಯಿತು.

ಮರುದಿನ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ನಾನೂ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಮುದುಕಿ ಇದ್ದರು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಕಟ್ಟಿಕೊಂಡಿದ್ದರು. ಹತ್ತಿರ ಬಂದಾಗ ಬಿಚ್ಚಿದರು, ಅದರಲ್ಲಿ ನಾಲ್ಕು ಸೇವಂತಿಗೆ ಹೂವು. ನೂಕುನುಗ್ಗಲಿನಲ್ಲಿ ಬಾಡಬಾರದೆಂದು ಹಾಗೆ ತಂದಿದ್ದರು. “ನಿಮಗೆ ಸಂಬಂಧವೇನಮ್ಮಾ?” ಎಂದು ಕೇಳಿದೆ. “ಸಂಬಂಧ ಯಾಕೆ ಬೇಕು ತಮ್ಮಾ” ಎಂದಷ್ಟೇ ಹೇಳಿ ಮುಂದೆ ಹೋದರು. ನನಗೆ ಕಂಡದ್ದು ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಮಾತ್ರ. ಬೆಟದೂರಿನಲ್ಲಿ ಮಿಲಿಟರಿ ಗೌರವದೊಂದಿಗೆ ಅವರನ್ನು ಮಣ್ಣು ಮಾಡಿದರು. ಚಿಕ್ಕಂದಿನಲ್ಲಿ ಕಾಲಿಗೆ ಮೆತ್ತಿದ ಅದೇ ಎರೆಮಣ್ಣು.

ಉಳಿದ ಒಂಬತ್ತು ಮಂದಿಯ ದೇಹಗಳೂ ಕೆಟ್ಟ ಹವಾಮಾನವನ್ನು ದಾಟಿ ಅವರವರ ಊರು ಸೇರಿದವು. ಮುಂದಿನ ವರ್ಷ, 2017ರ ಜನವರಿ 15ರ ಸೇನಾ ದಿನದಂದು, ಹನುಮಂತಪ್ಪ ಅವರ ಪತ್ನಿ ದೆಹಲಿಯಲ್ಲಿ ಸೇನಾ ಪದಕವನ್ನು ಸ್ವೀಕರಿಸಿದರು. ಪದಕ ತೆಗೆದುಕೊಳ್ಳುವಾಗ ಆ ಹೆಣ್ಣುಮಗಳು ನೇರ ನಿಂತಿದ್ದರು. ಆ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೇಳಿಕೊಳ್ಳುವುದಿದೆ. ಅಂದು ತೊಡೆಯ ಮೇಲಿದ್ದ ಆ ಮಗು ಈಗ ನಿಮಗಿಂತ ಒಂದೆರಡು ವರ್ಷ ಚಿಕ್ಕವಳು. ಎರಡು ವರ್ಷದ ಮಗುವಿನ ನೆನಪಿನಲ್ಲಿ ಮುಖ ಉಳಿಯುವುದಿಲ್ಲ. ತಂದೆ ಹೇಗಿದ್ದರು ಎಂಬುದನ್ನು ಅವಳು ಕಲಿಯುವುದು ನಮ್ಮ ನಿಮ್ಮಂಥವರ ಬಾಯಿಂದ. ಮನೆಯವರು ಹೇಳುವುದು ಬೇರೆ, ಅವರಿಗೆ ಹನುಮಂತಪ್ಪ ಅವರ ನಗೆ ಗೊತ್ತು, ಸಿಟ್ಟು ಗೊತ್ತು, ಊಟದಲ್ಲಿ ಇಷ್ಟವಾದದ್ದು ಗೊತ್ತು. ಆದರೆ ಹೊರಗಿನ ಲೋಕ ಅವಳಿಗೆ ಯಾವಾಗಲೂ ಆ ಹಿಮವನ್ನೇ ತೋರಿಸುತ್ತದೆ. ಸಾಯುವುದರಿಂದಲೇ ಶುರುವಾಗುವ ಕತೆಯನ್ನು ಒಬ್ಬ ಮಗಳು ಎಷ್ಟು ಸಲ ಕೇಳಬೇಕು?

ಆದ್ದರಿಂದ ನಾಳೆ ನೀವು ದೊಡ್ಡವರಾಗಿ ಎಲ್ಲಿಯೋ ಕೆಲಸದಲ್ಲಿದ್ದಾಗ, ಕುಂದಗೋಳ ತಾಲ್ಲೂಕು ಎಂದೊಡನೆ ಯಾರಾದರೂ ಹನುಮಂತಪ್ಪ ಅವರ ಬಗ್ಗೆ ಕೇಳುತ್ತಾರೆ. ಆಗ ಹಿಮದಿಂದ ಶುರುಮಾಡಬೇಡಿ. ಮಳೆಗಾಲದ ಒಂದು ಬೆಳಿಗ್ಗೆಯಿಂದ ಶುರುಮಾಡಿ. ಬೆಟದೂರಿನಿಂದ ಹೊರಟ ಒಬ್ಬ ಹುಡುಗ, ಕಾಲಿಗೆ ಮಣ್ಣು ಮೆತ್ತಿದೆ, ಶಾಲೆಯ ಗಂಟೆಗೆ ಇನ್ನೂ ಹೊತ್ತಿದೆ, ಅವನು ನಡೆಯುತ್ತಿದ್ದಾನೆ.